ಯಾವ ಮೆಷೀನಿನಲ್ಲೂ ಇಲ್ಲದ ಐಪಿ: ಮನೆಯ ಕುಬರ್ನೆಟೀಸ್ ಸರ್ವಿಸ್‌ಗಳಿಗೆ ಬಿಜಿಪಿ ದಾರಿ

ಮೂರು ಸಣ್ಣ ಮೆಷೀನ್ ಸೇರಿಸಿ ಮನೆಯಲ್ಲಿ ಕುಬರ್ನೆಟೀಸ್ (ಹಲವು ಮೆಷೀನ್‌ಗಳ ಮೇಲೆ ಕಂಟೇನರ್‌ಗಳನ್ನು ಓಡಿಸುವ ತಂತ್ರಾಂಶ) ಕ್ಲಸ್ಟರ್ ಕಟ್ಟಿದವರು ಮೊದಲ ದಿನವೇ ಎಡವುವ ಕಲ್ಲು ಒಂದಿದೆ. ಸರ್ವಿಸ್‌ನ (ಒಂದು ಆ್ಯಪ್‌ಗೆ ಕ್ಲಸ್ಟರ್ ಕೊಡುವ ಸ್ಥಿರ ವಿಳಾಸ) ಟೈಪ್ ಲೋಡ್‌ಬ್ಯಾಲೆನ್ಸರ್ ಎಂದು ಬರೆದು ಅಪ್ಲೈ ಮಾಡಿದರೆ ಎಕ್ಸ್‌ಟರ್ನಲ್ ಐಪಿ ಕಾಲಂನಲ್ಲಿ 'ಪೆಂಡಿಂಗ್' ಬಂದು ಕೂರುತ್ತದೆ, ಏಳುವುದೇ ಇಲ್ಲ. ಕ್ಲೌಡ್‌ನಲ್ಲಾದರೆ ಅಲ್ಲಿನ ಕಂಟ್ರೋಲರ್ ಐಪಿ ಕೊಡುತ್ತದೆ, ಮನೆಯಲ್ಲಿ ಕೊಡುವವರಿಲ್ಲ. ಪ್ರತಿ ನೋಡ್‌ನಲ್ಲೂ, ಅಂದರೆ ಕ್ಲಸ್ಟರಿನ ಪ್ರತಿ ಮೆಷೀನಿನಲ್ಲೂ, ಒಂದು ಪೋರ್ಟ್ ತೆರೆಯುವ ನೋಡ್‌ಪೋರ್ಟ್ ಇದೆಯಲ್ಲ ಎನ್ನಬಹುದು. ಆದರೆ 30000ದಿಂದ 32767ರೊಳಗಿನ ಯಾವುದೋ ನಂಬರ್ ನೆನಪಿಟ್ಟುಕೊಳ್ಳಬೇಕು, ಜೊತೆಗೆ ಒಂದು ನೋಡ್‌ನ ವಿಳಾಸಕ್ಕೆ ಜೋತುಬೀಳಬೇಕು. ಆ ನೋಡ್ ಆಫ್ ಆದ ದಿನ ಬುಕ್‌ಮಾರ್ಕ್‌ಗಳೆಲ್ಲ ಸತ್ತಂತೆ.

ಇದಕ್ಕೆ ಸುಲಭದ ಮದ್ದು, ಕ್ಲೌಡ್ ಇಲ್ಲದ ಕ್ಲಸ್ಟರಿಗೆ ಲೋಡ್‌ಬ್ಯಾಲೆನ್ಸರ್ ಐಪಿ ಕೊಡುವ ಮೆಟಲ್‌ಎಲ್‌ಬಿ ಎಂಬ ತಂತ್ರಾಂಶದ ಲೇಯರ್ 2 ಮೋಡ್. ಲ್ಯಾನ್‌ನಲ್ಲೇ ಡಿಎಚ್‌ಸಿಪಿ ಮುಟ್ಟದ ಹತ್ತಿಪ್ಪತ್ತು ಐಪಿ ಎತ್ತಿಟ್ಟು ಅದರ ಕೈಗೆ ಕೊಟ್ಟರೆ ಆಯಿತು. ಪ್ರತಿ ಐಪಿಗೂ ಒಂದೊಂದು ನೋಡ್ ಮುಂದೆ ನಿಂತು, ಎಆರ್‌ಪಿಯಲ್ಲಿ 'ಈ ಐಪಿ ಯಾರದು' ಎಂದು ಕೂಗಿ ಕೇಳಿದವರಿಗೆ 'ಅದು ನಾನೇ' ಎನ್ನುತ್ತದೆ. ಒಂದು ಐಪಿಯ ಟ್ರಾಫಿಕ್ಕೆಲ್ಲ ಒಂದೇ ನೋಡ್‌ಗೆ ಬೀಳುತ್ತದೆ ಎಂಬುದೊಂದೇ ಕೊರತೆ. ಬಹಳಷ್ಟು ಮನೆಗಳಿಗೆ ಇಷ್ಟು ಧಾರಾಳ ಸಾಕು. ಇನ್ನು ಕ್ಲಸ್ಟರಿನಲ್ಲಿರುವುದೇ ಒಂದು ನೋಡ್ ಆದರೆ ರೂಟರಿನಲ್ಲಿ ಒಂದು ಸ್ಟ್ಯಾಟಿಕ್ ರೂಟ್ ಬರೆದು ಮುಗಿಸಿ. ಅದಕ್ಕೆ ಬಿಜಿಪಿ (ಯಾವ ಐಪಿಗೆ ಯಾರ ಮೂಲಕ ಹೋಗಬೇಕೆಂದು ರೂಟರ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ) ತರುವುದು ಸೊಳ್ಳೆ ಹೊಡೆಯಲು ಒನಕೆ ಎತ್ತಿದಂತೆ.

ನೋಡ್‌ಗಳು ಬೇರೆ ವಿಎಲ್ಯಾನ್‌ನಲ್ಲಿವೆ (ಅದೇ ವೈರುಗಳ ಮೇಲೆ ಬೇರ್ಪಡಿಸಿದ ಲ್ಯಾನ್), ಹೊರೆ ಎರಡು ಮೂರು ನೋಡ್‌ಗಳಿಗೆ ಹಂಚಿಕೆಯಾಗಬೇಕು, ಪಾಡ್ (ಆ್ಯಪ್‌ನ ಕಂಟೇನರ್ ಓಡುವ ಘಟಕ) ಎಲ್ಲಿದೆಯೋ ಅಲ್ಲಿಗೇ ಪ್ಯಾಕೆಟ್ ಹೋಗಬೇಕು, ಬಂದವರ ನಿಜವಾದ ಐಪಿ ಲಾಗ್‌ನಲ್ಲಿ ಕಾಣಬೇಕು ಎಂದೆಲ್ಲ ಬೇಕಾದಾಗ ಬಿಜಿಪಿಗೆ ಅರ್ಥ ಬರುತ್ತದೆ. ಅದಕ್ಕೆ ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಬಿಜಿಪಿ ಮೋಡ್‌ನಲ್ಲಿ ಸರ್ವಿಸ್‌ನ ಐಪಿ ಯಾವ ಮೆಷೀನಿನ ಯಾವ ಕಾರ್ಡಿನ ಮೇಲೂ ಇರುವುದಿಲ್ಲ. ಅದು ರೂಟರಿನ ಟೇಬಲ್ಲಿನಲ್ಲಿರುವ ಒಂದು ಸಾಲು, ಅಷ್ಟೆ: '192.168.50.10 ಬೇಕಾದರೆ ಈ ಮೂವರಲ್ಲಿ ಒಬ್ಬರ ಬಳಿ ಹೋಗು'. ಮುಂದೆ ಬರುವ ಪೇಚಾಟಗಳಲ್ಲಿ ಮುಕ್ಕಾಲು ಪಾಲು ಈ ಐಪಿಯನ್ನು ಮಾಮೂಲಿ ಐಪಿ ಎಂದುಕೊಂಡಾಗಲೇ ಹುಟ್ಟುವುದು.

ವಿಳಾಸಗಳ ಲೆಕ್ಕ

ಇಡೀ ಬರಹಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಲ್ಯಾಪ್‌ಟಾಪ್, ಫೋನ್‌ಗಳು 192.168.10.0/24ರಲ್ಲಿವೆ. ನೋಡ್‌ಗಳು ಪ್ರತ್ಯೇಕ ವಿಎಲ್ಯಾನ್‌ನಲ್ಲಿ, 192.168.20.0/24, ಅವುಗಳ ಐಪಿ ಕೊನೆಗೆ 11, 12, 13. ಆ ವಿಎಲ್ಯಾನ್‌ನಲ್ಲಿ ರೂಟರಿನ ಐಪಿ 192.168.20.1. ಸರ್ವಿಸ್‌ಗಳಿಗೆ ಎತ್ತಿಟ್ಟ ಪೂಲ್ 192.168.50.0/24.

ಈ ಪೂಲ್ ಯಾವ ವಿಎಲ್ಯಾನ್‌ಗೂ, ಯಾವ ಇಂಟರ್‌ಫೇಸ್‌ಗೂ ಸೇರಿರಬಾರದು. ಲೇಯರ್ 2 ಮೋಡ್‌ನಿಂದ ಬಂದವರು ಹಳೇ ಅಭ್ಯಾಸದಂತೆ ಲ್ಯಾನ್‌ನೊಳಗಿನ ತುಂಡನ್ನೇ ಪೂಲ್ ಮಾಡುತ್ತಾರೆ. ಆಗ ಲ್ಯಾಪ್‌ಟಾಪ್ 'ಇದು ನನ್ನ ಸಬ್‌ನೆಟ್‌ನದ್ದೇ' ಎಂದುಕೊಂಡು ರೂಟರನ್ನು ಕೇಳದೆ ನೇರವಾಗಿ ಎಆರ್‌ಪಿ ಕೂಗುತ್ತದೆ. ಬಿಜಿಪಿ ಮೋಡ್‌ನಲ್ಲಿ ಅದಕ್ಕೆ ಓಗೊಡುವವರಿಲ್ಲ. ರೂಟರಿನಿಂದ ನೋಡಿದರೆ ಎಲ್ಲ ಸರಿ, ಲ್ಯಾಪ್‌ಟಾಪಿನಿಂದ ಏನೂ ಇಲ್ಲ. ಪಾಡ್ ಮತ್ತು ಸರ್ವಿಸ್‌ಗಳ ಒಳ ವಿಳಾಸಗಳಿಗೂ ಪೂಲ್ ತಾಗಬಾರದು. ಕೆ3ಎಸ್, ಕ್ಯೂಬ್‌ಎಡಿಎಂ ಎಂಬುವು ಕ್ಲಸ್ಟರ್ ಕಟ್ಟುವ ಎರಡು ದಾರಿ: ಕೆ3ಎಸ್‌ನಲ್ಲಿ ಅವು 10.42.0.0/16 ಮತ್ತು 10.43.0.0/16, ಕ್ಯೂಬ್‌ಎಡಿಎಂನಲ್ಲಿ ಸರ್ವಿಸ್‌ಗಳು 10.96.0.0/12. ಕೊನೆಯದು 10.96ರಿಂದ 10.111ರವರೆಗೂ ಹಬ್ಬಿಕೊಂಡಿರುತ್ತದೆ, 10.100 ಖಾಲಿ ಇದೆ ಎಂದುಕೊಂಡು ಕೈ ಹಾಕುವವರು ಗಮನಿಸಿ.

ಎಎಸ್ ನಂಬರಿಗೆ (ಬಿಜಿಪಿಯಲ್ಲಿ ಒಂದೊಂದು ನೆಟ್‌ವರ್ಕಿನ ಗುರುತಿನ ಸಂಖ್ಯೆ) ಖಾಸಗಿ ಬಳಕೆಯ 64512ರಿಂದ 65534ರೊಳಗೆ ಎರಡು ಆರಿಸಿ. ಇಲ್ಲಿ ರೂಟರಿಗೆ 64512, ಕ್ಲಸ್ಟರಿಗೆ 64513. ಎಲ್ಲ ನೋಡ್‌ಗಳಿಗೂ ಒಂದೇ ನಂಬರ್ ಕೊಡಿ. ನೋಡ್‌ಗೊಂದರಂತೆ ಕೊಟ್ಟರೆ ಎಎಸ್ ಪಾತ್, ಅಂದರೆ ದಾರಿಯಲ್ಲಿ ಸಿಗುವ ಎಎಸ್‌ಗಳ ಪಟ್ಟಿ, ಬೇರೆಬೇರೆಯಾಗುತ್ತದೆ. ರೂಟರ್ ಅವುಗಳನ್ನು ಸಮಾನ ದಾರಿಗಳೆಂದು ಒಪ್ಪಬೇಕಾದರೆ 'ಮಲ್ಟಿಪಾತ್-ರಿಲ್ಯಾಕ್ಸ್' ಎಂಬ ಇನ್ನೊಂದು ಸೆಟ್ಟಿಂಗ್ ಬೇಕಾಗುತ್ತದೆ. ಇಲ್ಲದ ತಾಪತ್ರಯ.

ರೂಟರ್ ಕಡೆಯ ಕೆಲಸ

ಇಂಟರ್ನೆಟ್ ಕಂಪನಿ ಕೊಡುವ ಪೆಟ್ಟಿಗೆಗಳಲ್ಲಿ ಬಿಜಿಪಿ ಸಿಗುವುದು ಅಪರೂಪ. ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್, ವಯೋಸ್, ಓಪನ್‌ಡಬ್ಲ್ಯುಆರ್‌ಟಿ ಇವುಗಳಲ್ಲಿ ಎಫ್‌ಆರ್‌ಆರ್ ಎಂಬ ಬಿಜಿಪಿ ಮಾತಾಡುವ ತಂತ್ರಾಂಶ ಓಡುತ್ತದೆ. ಮೈಕ್ರೋಟಿಕ್‌ನಲ್ಲಿ ಅದರದೇ ಬಿಜಿಪಿ ಇದೆ. ಇಲ್ಲಿ ಎಫ್‌ಆರ್‌ಆರ್ ಭಾಷೆಯಲ್ಲೇ ಹೇಳುತ್ತೇನೆ. ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದೆ, ಕುಟ್ಟುವಾಗ ಇಂಗ್ಲಿಷ್ ರೂಪ ಬಳಸಿ.

'ರೂಟರ್ ಬಿಜಿಪಿ 64512' ಎಂದು ಶುರುಮಾಡಿ, ರೂಟರ್-ಐಡಿಯನ್ನು 192.168.20.1 ಎಂದು ಕೈಯಾರೆ ಕೊಡಿ. ನೋಡ್‌ಗಳಿಗೆ ಒಂದು ಪಿಯರ್-ಗ್ರೂಪ್ ಮಾಡಿ ಅದಕ್ಕೆ ರಿಮೋಟ್-ಎಎಸ್ 64513 ಹಾಕಿ. ಮೂರೂ ನೋಡ್‌ಗಳನ್ನು ಒಂದೊಂದಾಗಿ ನೇಬರ್ ಎಂದು ಬರೆಯಬಹುದು. ಅದಕ್ಕಿಂತ 'ಬಿಜಿಪಿ ಲಿಸನ್ ರೇಂಜ್ 192.168.20.0/24' ಎಂದು ಆ ಗ್ರೂಪಿಗೆ ಕಟ್ಟುವುದು ಲೇಸು. ನಾಳೆ ನಾಲ್ಕನೇ ನೋಡ್ ಬಂದರೆ ರೂಟರ್ ಮುಟ್ಟಬೇಕಿಲ್ಲ. ಇದರಲ್ಲಿ ಕರೆ ನೋಡ್ ಕಡೆಯಿಂದಲೇ ಬರಬೇಕು. ಮೆಟಲ್‌ಎಲ್‌ಬಿ, ಸಿಲಿಯಂ (ಕ್ಲಸ್ಟರಿನ ಒಳ ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಾಂಶ) ಎರಡೂ ತಾವಾಗಿಯೇ ಕರೆ ಮಾಡುವ ಪೈಕಿ, ಹಾಗಾಗಿ ತಕರಾರಿಲ್ಲ. ಆ ವಿಎಲ್ಯಾನ್‌ನ ಫೈರ್‌ವಾಲ್‌ನಲ್ಲಿ ನೋಡ್‌ಗಳಿಂದ ರೂಟರಿಗೆ ಟಿಸಿಪಿ 179 ತೆರೆದಿರಬೇಕು.

ಇನ್ನು ಫಿಲ್ಟರ್. ಒಳಬರುವ ದಿಕ್ಕಿಗೆ ಒಂದು ಪ್ರಿಫಿಕ್ಸ್-ಲಿಸ್ಟ್ ಬೇಕು: 192.168.50.0/24ರೊಳಗಿನ /32 (ಅಂದರೆ ಒಂಟಿ ಐಪಿ) ಮಾತ್ರ ಒಪ್ಪು, ಮಿಕ್ಕಿದ್ದೆಲ್ಲ ಬೇಡ. ಹೊರಹೋಗುವ ದಿಕ್ಕಿಗೆ ಎಲ್ಲವೂ ಬೇಡ. ನೋಡ್‌ಗಳಿಗೆ ಡೀಫಾಲ್ಟ್ ಗೇಟ್‌ವೇ ಆಗಲೇ ಇದೆ, ರೂಟರಿನಿಂದ ಕಲಿಯುವುದು ಏನೂ ಇಲ್ಲ. ಮನೆಗೆ ಯಾಕಪ್ಪ ಇಷ್ಟೆಲ್ಲ ಮಡಿ ಎನಿಸಬಹುದು. ಕ್ಲಸ್ಟರಿನಲ್ಲಿ ಯಾರೋ ತಪ್ಪಿ 0.0.0.0/0 ಜಾಹೀರು ಮಾಡಿದರೆ ಅಥವಾ ಪೂಲ್ ಬರೆಯುವಾಗ 50ರ ಬದಲು 10 ಬರೆದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. /32 ಯಾವಾಗಲೂ /24ಕ್ಕಿಂತ ನಿಖರ, ರೂಟರ್ ಅದನ್ನೇ ನಂಬುತ್ತದೆ. ಟಿವಿಗೆ ಹೋಗಬೇಕಾದ ಪ್ಯಾಕೆಟ್ ಕ್ಲಸ್ಟರಿಗೆ ಹೋಗುತ್ತದೆ.

ಫಿಲ್ಟರ್ ಹಾಕದಿದ್ದರೆ ಎಫ್‌ಆರ್‌ಆರ್ ಇನ್ನೊಂದು ಆಟ ಆಡುತ್ತದೆ. ಬೇರೆ ಎಎಸ್‌ನವರ ಜೊತೆ ನಿಯಮವಿಲ್ಲದೆ ಕೊಡುಕೊಳ್ಳುವಿಕೆ ಬೇಡ ಎಂದು 2017ರ ಆರ್‌ಎಫ್‌ಸಿ 8212 ಹೇಳುತ್ತದೆ, ಎಫ್‌ಆರ್‌ಆರ್ ಡೀಫಾಲ್ಟಾಗಿ ಅದನ್ನು ಪಾಲಿಸುತ್ತದೆ. ಸೆಷನ್ ಎದ್ದು ನಿಲ್ಲುತ್ತದೆ, ಒಂದು ರೂಟೂ ಬರುವುದಿಲ್ಲ. 'ಶೋ ಬಿಜಿಪಿ ಸಮ್ಮರಿ' ಹೊಡೆದಾಗ ಕೊನೆಯ ಕಡೆ ಸ್ಟೇಟ್ ಮತ್ತು ಪ್ರಿಫಿಕ್ಸ್ ಎಣಿಕೆಯ ಕಾಲಂ ನೋಡಿ. ಅಲ್ಲಿ ಅಂಕಿಯ ಜಾಗದಲ್ಲಿ 'ಪಾಲಿಸಿ' ಎಂದಿದ್ದರೆ ಇದೇ ಕಥೆ. ಈ ತಪಾಸಣೆಯನ್ನು ಆಫ್ ಮಾಡುವ ಒಂದು ಸಾಲಿನ ಉಪಾಯ ಎಲ್ಲೆಡೆ ಓಡಾಡುತ್ತಿದೆ. ಅದರ ಬದಲು ಆ ಎರಡು ಫಿಲ್ಟರ್ ಬರೆದುಬಿಡಿ, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಅದೇ ಕಾಲಂನಲ್ಲಿ 0 ಇದ್ದರೆ ಸೆಷನ್ ಸರಿ, ಕ್ಲಸ್ಟರ್ ಏನನ್ನೂ ಸಾರುತ್ತಿಲ್ಲ ಅಥವಾ ಫಿಲ್ಟರ್ ಎಲ್ಲವನ್ನೂ ತಿನ್ನುತ್ತಿದೆ ಎಂದರ್ಥ. 'ಆ್ಯಕ್ಟಿವ್' ಎಂದಿದ್ದರೆ ಖುಷಿಪಡಬೇಡಿ. ಬಿಜಿಪಿ ಭಾಷೆಯಲ್ಲಿ ಅದು 'ಇನ್ನೂ ಪ್ರಯತ್ನಿಸುತ್ತಿದ್ದೇನೆ, ಆಚೆಯವರು ಸಿಗುತ್ತಿಲ್ಲ' ಎಂಬ ಅಳಲು. ಎಎಸ್ ನಂಬರ್ ಅದಲುಬದಲಾಗಿದ್ದರೆ ಸೆಷನ್ ಒಂದು ಕ್ಷಣ ಎದ್ದಂತೆ ಮಾಡಿ ಬೀಳುತ್ತಿರುತ್ತದೆ, ಲಾಗ್‌ನಲ್ಲಿ 'ಬ್ಯಾಡ್ ಪಿಯರ್ ಎಎಸ್' ಸಿಗುತ್ತದೆ. ನೋಡ್ ಮತ್ತು ರೂಟರ್ ನಡುವೆ ಇನ್ನೊಂದು ರೂಟರ್ ಇದ್ದರೆ ಡೀಫಾಲ್ಟ್ ಟಿಟಿಎಲ್ (ಪ್ಯಾಕೆಟ್ ಎಷ್ಟು ಹೆಜ್ಜೆ ಹೋಗಬಹುದೆಂಬ ಎಣಿಕೆ) 1 ಸಾಲುವುದಿಲ್ಲ, ಮಲ್ಟಿಹಾಪ್ ಬೇಕು.

ಕ್ಲಸ್ಟರ್ ಕಡೆ

ಕೆ3ಎಸ್ ಬಳಸುವವರು ಮೊದಲು ಅದರ ಜೊತೆ ಬರುವ ಸರ್ವಿಸ್‌ಎಲ್‌ಬಿಯನ್ನು ಡಿಸೇಬಲ್ ಮಾಡಬೇಕು. ಇಲ್ಲವಾದರೆ ಒಂದೇ ಸರ್ವಿಸ್‌ಗೆ ಇಬ್ಬರು ಯಜಮಾನರು.

ಮೆಟಲ್‌ಎಲ್‌ಬಿಯಲ್ಲಿ ಮೂರು ವಸ್ತುಗಳು: ಐಪಿಅಡ್ರೆಸ್‌ಪೂಲ್‌ಗೆ 192.168.50.0/24, ಬಿಜಿಪಿಪಿಯರ್‌ಗೆ ನಮ್ಮ ಎಎಸ್ 64513, ಆಚೆಯ ಎಎಸ್ 64512, ಆಚೆಯ ವಿಳಾಸ 192.168.20.1, ಮೂರನೆಯದು ಬಿಜಿಪಿಅಡ್ವರ್ಟೈಸ್‌ಮೆಂಟ್. ಈ ಮೂರನೆಯದನ್ನೇ ಜನ ಮರೆಯುವುದು. ಸರ್ವಿಸ್‌ಗೆ ಐಪಿ ಬರುತ್ತದೆ, ಸೆಷನ್ ಏಳುತ್ತದೆ, ರೂಟರಿನಲ್ಲಿ ಪ್ರಿಫಿಕ್ಸ್ ಎಣಿಕೆ ಮಾತ್ರ 0. ಐಪಿ ಹಂಚುವುದು ಒಬ್ಬರ ಕೆಲಸ, ಸಾರುವುದು ಇನ್ನೊಬ್ಬರ ಕೆಲಸ. ಸಾರು ಎಂದು ಹೇಳದಿದ್ದರೆ ಮೆಟಲ್‌ಎಲ್‌ಬಿಯಲ್ಲಿ ಸಾರುವ ಭಾಗವಾದ ಸ್ಪೀಕರ್ ಸುಮ್ಮನಿರುತ್ತದೆ.

ಇದರ ಜೊತೆಗೆ ಕ್ಯೂಬ್‌ಎಡಿಎಂನ ಒಂದು ಗುಂಡಿ ಇದೆ. ಕಂಟ್ರೋಲ್ ಪ್ಲೇನ್ ನೋಡ್‌ಗಳಿಗೆ (ಕ್ಲಸ್ಟರನ್ನು ಆಳುವ ನೋಡ್‌ಗಳು) ಅದು 'ಎಕ್ಸ್‌ಕ್ಲೂಡ್-ಫ್ರಮ್-ಎಕ್ಸ್‌ಟರ್ನಲ್-ಲೋಡ್-ಬ್ಯಾಲೆನ್ಸರ್ಸ್' ಎಂಬ ಲೇಬಲ್ ಅಂಟಿಸುತ್ತದೆ. ಮೂರೂ ನೋಡ್ ಕಂಟ್ರೋಲ್ ಪ್ಲೇನ್ ಆಗಿರುವ ಸಣ್ಣ ಕ್ಲಸ್ಟರಿನಲ್ಲಿ ಮೆಟಲ್‌ಎಲ್‌ಬಿ ಆ ಲೇಬಲ್‌ಗೆ ಮರ್ಯಾದೆ ಕೊಟ್ಟು ಯಾವ ನೋಡ್‌ನಿಂದಲೂ ಸಾರುವುದಿಲ್ಲ. ಲೇಬಲ್ ಕಿತ್ತುಹಾಕಿ.

ಸಿಲಿಯಂ ಇದ್ದರೆ ಮೆಟಲ್‌ಎಲ್‌ಬಿ ಬೇಕಿಲ್ಲ, ಐಪಿ ಪೂಲ್ ಮತ್ತು ಬಿಜಿಪಿ ಎರಡೂ ಅದರಲ್ಲೇ ಇವೆ. ಅಲ್ಲಿ ಕೈಕೊಡುವುದು ಸೆಲೆಕ್ಟರ್. ಸರ್ವಿಸ್ ಸೆಲೆಕ್ಟರ್ ಬರೆಯದೆ ಬಿಟ್ಟರೆ 'ಎಲ್ಲ ಸರ್ವಿಸ್' ಎಂದಲ್ಲ, 'ಯಾವುದೂ ಇಲ್ಲ' ಎಂದು ಅದು ಓದಿಕೊಳ್ಳುತ್ತದೆ. ಎಲ್ಲವೂ ಬೇಕಿದ್ದರೆ ಇಲ್ಲದ ಒಂದು ಕೀ ಹೆಸರಿಸಿ 'ನಾಟ್‌ಇನ್' ಎಂದು ಬರೆಯುವ ವಿಚಿತ್ರ ಉಪಾಯವೇ ರೂಢಿಯಲ್ಲಿದೆ. ಸೋತ ಕರೆಯನ್ನು ಮತ್ತೆ ಮಾಡಲು ಅದು ಡೀಫಾಲ್ಟಾಗಿ 120 ಸೆಕೆಂಡ್ ಕಾಯುತ್ತದೆ. ರೂಟರ್ ರೀಬೂಟ್ ಆದಮೇಲೆ ಎರಡು ನಿಮಿಷ ಸರ್ವಿಸ್ ಕಾಣೆ ಎಂದರೆ ಮೊದಲು ಅಲ್ಲಿ ನೋಡಿ.

ಸಿಲಿಯಂನಂಥದ್ದೇ ಇನ್ನೊಂದು ತಂತ್ರಾಂಶ ಕ್ಯಾಲಿಕೊ ತಾನೇ ಬಿಜಿಪಿ ಮಾತಾಡುತ್ತದೆ. ಒಂದೇ ನೋಡ್‌ನಿಂದ ಒಂದೇ ರೂಟರಿಗೆ ಅದೂ ಮೆಟಲ್‌ಎಲ್‌ಬಿಯೂ ಎರಡು ಸೆಷನ್ ಎಬ್ಬಿಸಲು ಹೋದರೆ ಒಂದನ್ನೊಂದು ಬೀಳಿಸುತ್ತಿರುತ್ತವೆ. ಸಾರುವ ಕೆಲಸ ಕ್ಯಾಲಿಕೊಗೆ ಬಿಡಿ, ಮೆಟಲ್‌ಎಲ್‌ಬಿಯ ಕಂಟ್ರೋಲರ್ ಐಪಿ ಮಾತ್ರ ಹಂಚಲಿ, ಸ್ಪೀಕರ್ ಬೇಡ.

ಪ್ರತಿ ಸರ್ವಿಸ್‌ಗೂ ಲೋಡ್‌ಬ್ಯಾಲೆನ್ಸರ್ ಐಪಿ ಕೊಡುವ ಹುಮ್ಮಸ್ಸು ಬೇಡ. ಎಚ್‌ಟಿಟಿಪಿಯದ್ದೆಲ್ಲ ಇಂಗ್ರೆಸ್‌ನ (ಹೆಸರು ನೋಡಿ ವೆಬ್ ಕರೆಗಳನ್ನು ಹಂಚುವ ಬಾಗಿಲು) ಒಂದೇ ಐಪಿಯ ಹಿಂದೆ ಇರಲಿ. ಬೇರೆ ಐಪಿ ಬೇಕಾಗುವುದು ಡಿಎನ್‌ಎಸ್, ಎಂಕ್ಯೂಟಿಟಿ, ಗಿಟ್‌ನ ಎಸ್‌ಎಸ್‌ಎಚ್ ಇಂಥವಕ್ಕೆ. ಡಿಎನ್‌ಎಸ್‌ಗೆ ಟಿಸಿಪಿ, ಯುಡಿಪಿ ಎರಡೂ ಒಂದೇ ಸರ್ವಿಸ್‌ನಲ್ಲಿ ಇಡಲು ಕುಬರ್ನೆಟೀಸ್ 1.26ರಿಂದ ಅಡ್ಡಿಯಿಲ್ಲ. ಮನೆಯ ಡಿಎನ್‌ಎಸ್ ಕ್ಲಸ್ಟರಿನೊಳಗೆ ಇದ್ದರೆ ನೋಡ್‌ಗಳು ಮಾತ್ರ ಅದನ್ನು ಬಳಸಬಾರದು. ಕರೆಂಟ್ ಹೋಗಿ ಬಂದಾಗ ಇಮೇಜ್ ಎಳೆಯಲು ಹೆಸರು ಬೇಕು, ಹೆಸರು ಹೇಳುವ ಪಾಡ್ ಏಳಲು ಇಮೇಜ್ ಬೇಕು. ಮುಗಿಯಿತು ಕಥೆ.

ನೋಡ್ ಮತ್ತು ಲ್ಯಾಪ್‌ಟಾಪ್ ಒಂದೇ ಸಬ್‌ನೆಟ್‌ನಲ್ಲಿದ್ದರೆ

ಉದಾಹರಣೆಯಲ್ಲಿ ನೋಡ್‌ಗಳನ್ನು ಬೇರೆ ವಿಎಲ್ಯಾನ್‌ಗೆ ಹಾಕಿದ್ದು ಅಚ್ಚುಕಟ್ಟಿಗಾಗಿ ಅಲ್ಲ. ಎಲ್ಲವೂ 192.168.10.0/24ರಲ್ಲೇ ಇದ್ದರೆ ಏನಾಗುತ್ತದೆ ನೋಡಿ.

ಲ್ಯಾಪ್‌ಟಾಪ್ 192.168.50.10ಕ್ಕೆ ಎಸ್‌ವೈಎನ್, ಅಂದರೆ ಟಿಸಿಪಿ ಮಾತುಕತೆಯ ಮೊದಲ ಪ್ಯಾಕೆಟ್, ಕಳಿಸುತ್ತದೆ. ವಿಳಾಸ ಬೇರೆ ಸಬ್‌ನೆಟ್ಟಿನದ್ದು, ಹಾಗಾಗಿ ರೂಟರಿಗೆ ಹೋಗುತ್ತದೆ. ರೂಟರ್ ಅದನ್ನು ನೋಡ್‌ಗೆ ದಾಟಿಸುತ್ತದೆ. ನೋಡ್ ಉತ್ತರ ಕೊಡುವಾಗ ಲ್ಯಾಪ್‌ಟಾಪ್ ತನ್ನ ಪಕ್ಕದ ಮನೆಯಲ್ಲೇ ಇದೆ ಎಂದು ಗೊತ್ತು, ರೂಟರಿನ ಹಂಗಿಲ್ಲದೆ ನೇರವಾಗಿ ಕಳಿಸುತ್ತದೆ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಫೈರ್‌ವಾಲ್‌ಗೆ ಅರ್ಧ ಮಾತುಕತೆ ಮಾತ್ರ ಕೇಳಿಸುತ್ತದೆ. ಎಸ್‌ವೈಎನ್-ಎಸಿಕೆ ಅದರ ಕಣ್ಣಿಗೆ ಬಿದ್ದೇ ಇಲ್ಲ, ಅಷ್ಟರಲ್ಲಿ ಲ್ಯಾಪ್‌ಟಾಪ್‌ನಿಂದ ಎಸಿಕೆ ಬರುತ್ತದೆ. ಲಿನಕ್ಸ್ ಫೈರ್‌ವಾಲ್‌ನಲ್ಲಿ 'ಇನ್‌ವ್ಯಾಲಿಡ್ ಬಿಸಾಡು' ನಿಯಮವಿದ್ದರೆ ಅದು ಅಲ್ಲೇ ಸಾಯುತ್ತದೆ. ಪಿಎಫ್ ಆಧಾರಿತ ಫೈರ್‌ವಾಲ್‌ಗಳಲ್ಲಿ (ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್) ಇನ್ನೂ ಮೋಸ: ಸಣ್ಣ ಪುಟ ತೆರೆದುಕೊಳ್ಳುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ. ಆಗ ಎಲ್ಲರೂ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಕಡೆ ಬೆರಳು ತೋರಿಸಿ ಒಂದು ದಿನ ಹಾಳುಮಾಡಿಕೊಳ್ಳುತ್ತಾರೆ.

ಇದರ ಬಾಲದಲ್ಲಿ ಐಸಿಎಂಪಿ ರಿಡೈರೆಕ್ಟ್ ಬರುತ್ತದೆ. ಬಂದ ಇಂಟರ್‌ಫೇಸ್‌ನಿಂದಲೇ ವಾಪಸ್ ಕಳಿಸಬೇಕಾಗಿ ಬಂದಾಗ ರೂಟರ್ 'ನನ್ನನ್ನು ಯಾಕೆ ಕೇಳುತ್ತೀ, ನೇರ ಆ ನೋಡ್‌ಗೇ ಕೊಡು' ಎಂದು ಲ್ಯಾಪ್‌ಟಾಪ್‌ಗೆ ಹೇಳುತ್ತದೆ. ಲ್ಯಾಪ್‌ಟಾಪ್ ಒಪ್ಪಿಕೊಂಡರೆ ಅಲ್ಲಿಂದಾಚೆಗೆ ಎಲ್ಲ ಸರಾಗ. ಆ ನೋಡ್ ಸತ್ತ ದಿನ ರೂಟರ್ ದಾರಿ ಬದಲಿಸಿಕೊಂಡರೂ ಲ್ಯಾಪ್‌ಟಾಪ್ ನೆನಪಿನಲ್ಲಿಟ್ಟುಕೊಂಡ ಹಳೇ ದಾರಿಗೇ ಪ್ಯಾಕೆಟ್ ಸುರಿಯುತ್ತಿರುತ್ತದೆ. ಅದೇ ಹೊತ್ತಿಗೆ ಫೋನಿನಲ್ಲಿ ಸರ್ವಿಸ್ ತೆರೆಯುತ್ತದೆ. ಇಂಥ 'ಇದರಲ್ಲಿ ಬರುತ್ತೆ, ಅದರಲ್ಲಿ ಬರಲ್ಲ' ಪ್ರಕರಣದಲ್ಲಿ ರಿಡೈರೆಕ್ಟ್ ಕಡೆ ಗುಮಾನಿ ಇರಲಿ.

ವಿಎಲ್ಯಾನ್ ಬೇರೆ ಮಾಡುವುದೇ ಸರಿಯಾದ ಪರಿಹಾರ. ಆಗದಿದ್ದರೆ ಪೂಲ್‌ಗೆ ಹೋಗುವ ಟ್ರಾಫಿಕ್ಕಿಗೆ ಫೈರ್‌ವಾಲ್‌ನಲ್ಲಿ ಸ್ಲಾಪಿ ಸ್ಟೇಟ್ (ಅರ್ಧ ಮಾತುಕತೆ ಕೇಳಿದರೂ ಬಿಡುವ ಸಡಿಲ ತಪಾಸಣೆ) ಕೊಡಿ, ಆ ಇಂಟರ್‌ಫೇಸ್‌ನಲ್ಲಿ ರಿಡೈರೆಕ್ಟ್ ಕಳಿಸುವುದನ್ನು ನಿಲ್ಲಿಸಿ. ಎರಡು ನೆಟ್‌ವರ್ಕ್ ಕಾರ್ಡ್ ಇರುವ ನೋಡ್‌ಗಳಲ್ಲಿ ಆರ್‌ಪಿ ಫಿಲ್ಟರ್ (ಪ್ಯಾಕೆಟ್ ಸರಿಯಾದ ಕಾರ್ಡಿನಿಂದಲೇ ಬಂತೇ ಎಂಬ ಕರ್ನಲ್ ತಪಾಸಣೆ) ಕಟ್ಟುನಿಟ್ಟಾಗಿದ್ದರೆ, ಅಂದರೆ ಬೆಲೆ 1 ಇದ್ದರೆ, ಒಂದು ಕಾರ್ಡಿನಲ್ಲಿ ಬಂದು ಇನ್ನೊಂದರಲ್ಲಿ ಹೋಗಬೇಕಾದ ಪ್ಯಾಕೆಟ್ಟನ್ನು ಕರ್ನಲ್ ಸದ್ದಿಲ್ಲದೆ ನುಂಗುತ್ತದೆ. ಬೆಲೆ 2 ಮಾಡಿ ನೋಡಿ.

ಪಿಂಗ್ ಮಾಡಿ ಹೆದರಬೇಡಿ

ಬ್ರೌಸರಿನಲ್ಲಿ ಪುಟ ಬರುತ್ತದೆ, ಪಿಂಗ್ ಮಾಡಿದರೆ 'ಟೈಮ್ ಟು ಲಿವ್ ಎಕ್ಸೀಡೆಡ್'. ಟ್ರೇಸ್‌ರೂಟ್ ಮಾಡಿದರೆ ರೂಟರ್, 192.168.20.11, ಮತ್ತೆ ರೂಟರ್, ಮತ್ತೆ 192.168.20.11, ಹೀಗೆ ಮೂವತ್ತು ಸಾಲು ಕೋಲಾಟ. ಇದು ಕೆಟ್ಟಿರುವುದರ ಲಕ್ಷಣವಲ್ಲ. ಐಪಿ ಯಾವ ಮೆಷೀನಿನಲ್ಲೂ ಇಲ್ಲ ಎಂದೆವಲ್ಲ, ಅದರ ಕಣ್ಣೆದುರಿನ ಸಾಕ್ಷಿ.

ಪ್ರತಿ ನೋಡ್‌ನಲ್ಲೂ ಓಡುವ ಕ್ಯೂಬ್-ಪ್ರಾಕ್ಸಿ ಎಂಬ ಕುಬರ್ನೆಟೀಸ್ ಭಾಗ ಐಪಿಟೇಬಲ್ಸ್ ಮೋಡ್‌ನಲ್ಲಿರುವಾಗ ಸರ್ವಿಸ್‌ನ ಪೋರ್ಟ್‌ಗೆ ಬಂದ ಪ್ಯಾಕೆಟ್ಟನ್ನು ಮಾತ್ರ ಹಿಡಿದು ಪಾಡ್‌ನ ವಿಳಾಸಕ್ಕೆ ತಿರುಗಿಸುತ್ತದೆ. ಪಿಂಗ್‌ಗೆ ಪೋರ್ಟೇ ಇಲ್ಲ. ಯಾರೂ ಹಿಡಿಯದ ಆ ಪ್ಯಾಕೆಟ್ಟನ್ನು ನೋಡ್ 'ಇದು ನನ್ನದಲ್ಲ' ಎಂದು ಡೀಫಾಲ್ಟ್ ಗೇಟ್‌ವೇಗೆ, ಅಂದರೆ ರೂಟರಿಗೇ, ವಾಪಸ್ ಕಳಿಸುತ್ತದೆ. ರೂಟರ್ ಟೇಬಲ್ ನೋಡಿ ಮತ್ತೆ ನೋಡ್‌ಗೆ. ಟಿಟಿಎಲ್ ತೀರುವವರೆಗೂ ಇದೇ. ಸರ್ವಿಸ್‌ನಲ್ಲಿಲ್ಲದ ಪೋರ್ಟ್‌ಗೆ ಬಂದ ಟಿಸಿಪಿಗೂ ಇದೇ ಗತಿ. ಐಪಿವಿಎಸ್ ಮೋಡ್‌ನಲ್ಲಿ ಐಪಿಯನ್ನು ಒಂದು ಡಮ್ಮಿ ಇಂಟರ್‌ಫೇಸ್ ಮೇಲೆ ಕೂರಿಸುವುದರಿಂದ ಪಿಂಗ್‌ಗೆ ಉತ್ತರ ಬರುತ್ತದೆ.

ಈ ಕೋಲಾಟ ನಿಲ್ಲಿಸಲು ನೋಡ್‌ಗಳಲ್ಲಿ ಪೂಲ್‌ಗೆ ಬ್ಲ್ಯಾಕ್‌ಹೋಲ್ ರೂಟ್ ಹಾಕುವ ಸಲಹೆ ಸಿಗುತ್ತದೆ. ಹೊರಗಿನಿಂದ ಬಂದ ಪ್ಯಾಕೆಟ್‌ಗೆ ವಿಳಾಸ ಬದಲಾಗುವುದು ರೂಟ್ ಹುಡುಕುವ ಮೊದಲೇ, ಆದ್ದರಿಂದ ಅವಕ್ಕೆ ತೊಂದರೆಯಿಲ್ಲ. ಆದರೆ ನೋಡ್‌ನೊಳಗೇ ಹುಟ್ಟಿದ ಪ್ಯಾಕೆಟ್ ಮೊದಲು ರೂಟ್ ಹುಡುಕುತ್ತದೆ, ಬ್ಲ್ಯಾಕ್‌ಹೋಲ್‌ಗೆ ಬಿದ್ದು ಸಾಯುತ್ತದೆ. ರೂಟರಿನ ಫೈರ್‌ವಾಲ್‌ನಲ್ಲೇ ಬೇಕಾದ ಪೋರ್ಟ್ ಬಿಟ್ಟು ಮಿಕ್ಕಿದ್ದನ್ನು ತಡೆಯುವುದು ವಾಸಿ. ಅತಿಥಿಗಳ ವೈಫೈನಿಂದ ಈ ಪೂಲ್‌ಗೆ ದಾರಿ ಇದೆಯೇ ಎಂದೂ ಅದೇ ಉಸಿರಿನಲ್ಲಿ ನೋಡಿಕೊಳ್ಳಿ. ಪೂಲ್ ಯಾವ ಇಂಟರ್‌ಫೇಸ್‌ಗೂ ಸೇರದ ಕಾರಣ 'ನೋಡ್ ವಿಎಲ್ಯಾನ್‌ನ ವಿಳಾಸಗಳಿಗೆ ಪ್ರವೇಶವಿಲ್ಲ' ಎಂಬ ಹಳೇ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ.

ಪರೀಕ್ಷೆಯನ್ನು ಯಾವತ್ತೂ ನೋಡ್‌ನ ಒಳಗಿನಿಂದ ಮಾಡಬೇಡಿ. ಅಲ್ಲಿಂದ ಕರ್ಲ್ ಹೊಡೆದರೆ ಕ್ಯೂಬ್-ಪ್ರಾಕ್ಸಿ ಅಲ್ಲಲ್ಲೇ ಹಿಡಿದು ಪಾಡ್‌ಗೆ ಕೊಡುತ್ತದೆ, ರೂಟರಿನ ಮುಖವನ್ನೂ ನೋಡುವುದಿಲ್ಲ. ಬಿಜಿಪಿ ಪೂರ್ತಿ ಕೆಟ್ಟಿದ್ದರೂ ಉತ್ತರ ಬರುತ್ತದೆ. ಲ್ಯಾಪ್‌ಟಾಪ್‌ನಿಂದ ಕರ್ಲ್, ನೋಡ್‌ನಲ್ಲಿ ಟಿಸಿಪಿಡಂಪ್ ಇಟ್ಟು ನೋಡಿ. ಎಸ್‌ವೈಎನ್ ಬರುತ್ತಲೇ ಇಲ್ಲವಾದರೆ ದೋಷ ರೂಟರಿನಲ್ಲಿ ಅಥವಾ ಅದಕ್ಕೂ ಮುಂಚೆ. ಕೆಲವು ಸೆಕೆಂಡ್ ಅಂತರದಲ್ಲಿ ಅದೇ ಎಸ್‌ವೈಎನ್ ಮತ್ತೆ ಮತ್ತೆ ಬಂದು ಉತ್ತರವಿಲ್ಲದಿದ್ದರೆ ದೋಷ ಕ್ಲಸ್ಟರಿನಲ್ಲಿ, ಎಂಡ್‌ಪಾಯಿಂಟ್‌ಗಳನ್ನು (ಸರ್ವಿಸ್‌ನ ಹಿಂದಿರುವ ಪಾಡ್‌ಗಳ ವಿಳಾಸ) ನೋಡಿ. ಉತ್ತರ ಹೊರಟಿದ್ದೂ ಲ್ಯಾಪ್‌ಟಾಪ್ ಸಪ್ಪಗಿದ್ದರೆ ವಾಪಸ್ ದಾರಿಯ ತಕರಾರು.

ಕ್ಲಸ್ಟರ್ ಪಾಲಿಸಿಯೋ ಲೋಕಲ್ ಪಾಲಿಸಿಯೋ

ಸರ್ವಿಸ್‌ನ ಎಕ್ಸ್‌ಟರ್ನಲ್ ಟ್ರಾಫಿಕ್ ಪಾಲಿಸಿ ಡೀಫಾಲ್ಟಾಗಿ 'ಕ್ಲಸ್ಟರ್'. ಎಲ್ಲ ನೋಡ್‌ಗಳೂ ಐಪಿ ಸಾರುತ್ತವೆ, ಪ್ಯಾಕೆಟ್ ಯಾವ ನೋಡ್‌ಗೆ ಬಿದ್ದರೂ ಅದು ಯಾವುದೋ ಪಾಡ್‌ಗೆ ಮುಟ್ಟಿಸುತ್ತದೆ. ಬಂದವರ ಐಪಿ ಮಾತ್ರ ನೋಡ್‌ನ ಐಪಿಯಾಗಿ ಬದಲಾಗಿರುತ್ತದೆ. 'ಲೋಕಲ್' ಎಂದರೆ ಸಿದ್ಧವಾದ ಪಾಡ್ ಇರುವ ನೋಡ್‌ಗಳು ಮಾತ್ರ ಸಾರುತ್ತವೆ, ಐಪಿ ಬದಲಾಗುವುದಿಲ್ಲ, ನೋಡ್‌ನಿಂದ ನೋಡ್‌ಗೆ ನೆಗೆತವೂ ಇಲ್ಲ. ಬಿಜಿಪಿಯ ನಿಜವಾದ ಸೊಗಸು ಇಲ್ಲಿದೆ: ಪಾಡ್ 11ರಿಂದ 12ಕ್ಕೆ ಹೋದರೆ ರೂಟರಿನ ಟೇಬಲ್ಲಿನ ಸಾಲೂ ಅದರ ಹಿಂದೆಯೇ ಹೋಗುತ್ತದೆ.

ಹಂಚಿಕೆ ಮಾತ್ರ ನೋಡ್ ಲೆಕ್ಕದಲ್ಲಿ, ಪಾಡ್ ಲೆಕ್ಕದಲ್ಲಲ್ಲ. 11ರಲ್ಲಿ ಎರಡು ಪಾಡ್, 12ರಲ್ಲಿ ಒಂದು ಇದ್ದರೆ ರೂಟರ್ ಅರ್ಧರ್ಧ ಕೊಡುತ್ತದೆ. 12ರ ಒಂಟಿ ಪಾಡ್‌ಗೆ ಶೇಕಡಾ 50, ಮಿಕ್ಕವಕ್ಕೆ ತಲಾ 25. ಪಾಡ್‌ಗಳು ನೋಡ್‌ಗೊಂದರಂತೆ ಹರಡುವ ಹಾಗೆ ಟೊಪಾಲಜಿ ಸ್ಪ್ರೆಡ್ ಹಾಕಿದರೆ ಸರಿಹೋಗುತ್ತದೆ. ಇಂಗ್ರೆಸ್‌ಗೆ ಲೋಕಲ್, ಮಿಕ್ಕಿದ್ದಕ್ಕೆ ಕ್ಲಸ್ಟರ್: ಮನೆಗೆ ಇದು ಸಮಂಜಸ.

ಹ್ಯಾಶ್, ಮತ್ತು ನೋಡ್ ಸತ್ತ ಕ್ಷಣ

ರೂಟರ್ ಮೂರು ದಾರಿಗಳಲ್ಲಿ ಒಂದನ್ನು ಆರಿಸುವುದು ಸರದಿಯಂತೆ ಅಲ್ಲ, ಹ್ಯಾಶ್ ಮಾಡಿ, ಅಂದರೆ ಪ್ಯಾಕೆಟ್ಟಿನ ವಿಳಾಸಗಳಿಂದ ಒಂದು ಅಂಕಿ ಲೆಕ್ಕಹಾಕಿ. ಲಿನಕ್ಸ್‌ನ ಡೀಫಾಲ್ಟ್ ಹ್ಯಾಶ್ ಕಳಿಸಿದವರ ಮತ್ತು ಮುಟ್ಟಬೇಕಾದವರ ಐಪಿ ಮಾತ್ರ ನೋಡುತ್ತದೆ. ಒಂದೇ ಲ್ಯಾಪ್‌ಟಾಪ್‌ನಿಂದ ನೂರು ಸಲ ಕೇಳಿದರೂ ಒಂದೇ ನೋಡ್‌ಗೆ ಹೋಗುತ್ತದೆ, ನೋಡಿದವರಿಗೆ ಹಂಚಿಕೆಯೇ ಆಗುತ್ತಿಲ್ಲ ಅನಿಸುತ್ತದೆ. ಐಪಿವಿ4ರ 'ಫಿಬ್ ಮಲ್ಟಿಪಾತ್ ಹ್ಯಾಶ್ ಪಾಲಿಸಿ'ಯನ್ನು 1 ಮಾಡಿದರೆ ಪೋರ್ಟ್‌ಗಳೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೂ ಮೊದಲು ಎಫ್‌ಆರ್‌ಆರ್‌ನಲ್ಲಿ 'ಮ್ಯಾಕ್ಸಿಮಮ್-ಪಾತ್ಸ್' ಕನಿಷ್ಠ ನೋಡ್‌ಗಳ ಸಂಖ್ಯೆಯಷ್ಟಿರಲಿ. ಬಿಜಿಪಿ ಟೇಬಲ್‌ನಲ್ಲಿ ಮೂರು ದಾರಿ ಕಂಡರೆ ಸಾಲದು, ಕರ್ನಲ್‌ನ ರೂಟ್ ಟೇಬಲ್‌ನಲ್ಲೂ ಆ ಐಪಿಯ ಕೆಳಗೆ ಮೂರು ನೆಕ್ಸ್ಟ್‌ಹಾಪ್ ಇರಬೇಕು.

ನೋಡನ್ನು ಸರಿಯಾಗಿ ಶಟ್‌ಡೌನ್ ಮಾಡಿದರೆ ಸೆಷನ್ ಮುಚ್ಚುತ್ತದೆ, ರೂಟ್ ಕೂಡಲೇ ಹೋಗುತ್ತದೆ. ಕೇಬಲ್ ಕಿತ್ತರೆ ಹಾಗಲ್ಲ. ನಡುವೆ ಸ್ವಿಚ್ ಇರುವುದರಿಂದ ರೂಟರಿಗೆ ಲಿಂಕ್ ಬಿದ್ದಿದ್ದು ತಿಳಿಯುವುದಿಲ್ಲ, ಹೋಲ್ಡ್ ಟೈಮ್ (ಆಚೆಯವರ ಸದ್ದಿಲ್ಲದೆ ಸೆಷನ್ ಉಳಿಯುವ ಗಡುವು) ತೀರುವವರೆಗೂ ಕಾಯುತ್ತದೆ. ಸಾಮಾನ್ಯವಾಗಿ ಅದು 90 ಅಥವಾ 180 ಸೆಕೆಂಡ್. ಎರಡು ಕಡೆ ಬೇರೆಬೇರೆ ಇದ್ದರೆ ಚಿಕ್ಕದೇ ಗೆಲ್ಲುತ್ತದೆ, ಆದ್ದರಿಂದ ಒಂದು ಕಡೆ ಇಳಿಸಿದರೂ ಸಾಕು. ಕೀಪ್‌ಅಲೈವ್ 3, ಹೋಲ್ಡ್ 9 ಮನೆಗೆ ಹೊಂದುತ್ತದೆ. ಇನ್ನೂ ಚುರುಕು ಬೇಕಿದ್ದರೆ ಮೆಟಲ್‌ಎಲ್‌ಬಿಯ ಎಫ್‌ಆರ್‌ಆರ್ ಮೋಡ್‌ನಲ್ಲಿ ಬಿಎಫ್‌ಡಿ (ಆಚೆಯವರು ಬದುಕಿದ್ದಾರೆಯೇ ಎಂದು ಪದೇ ಪದೇ ವಿಚಾರಿಸುವ ಪ್ರೋಟೋಕಾಲ್) ಸಿಗುತ್ತದೆ: 300 ಮಿಲಿಸೆಕೆಂಡ್ ಅಂತರದಲ್ಲಿ ಮೂರು ಸಲ ತಪ್ಪಿದರೆ ಒಂದು ಸೆಕೆಂಡಿನೊಳಗೆ ತೀರ್ಪು. ಎಸ್‌ಡಿ ಕಾರ್ಡ್ ಮೇಲೆ ಏದುಸಿರು ಬಿಡುವ ಸಣ್ಣ ಬೋರ್ಡ್‌ಗಳಲ್ಲಿ ಇಷ್ಟು ಬಿಗಿ ಇಟ್ಟರೆ ಬದುಕಿರುವ ನೋಡನ್ನೇ ಸತ್ತಿದೆ ಎಂದು ಸಾರಿಬಿಡುತ್ತದೆ. ಒಂದೊಂದು ಸೆಕೆಂಡ್ ಅಂತರದಲ್ಲಿ ಮೂರು ಸಲ ಎಂದಿಡಿ.

ಬಿಎಫ್‌ಡಿ ಹಾಕಿದವರೂ ಕಾಣದ ಒಂದು ಸಂದು ಇಲ್ಲಿದೆ. ರೂಟರ್ ಒಂದೇ ಸೆಕೆಂಡಿನಲ್ಲಿ ಸತ್ತ ನೋಡನ್ನು ಬಿಟ್ಟಿತು ಎನ್ನೋಣ. ಪಾಲಿಸಿ 'ಕ್ಲಸ್ಟರ್' ಆಗಿದ್ದರೆ ಉಳಿದ ಎರಡು ನೋಡ್‌ಗಳ ಕ್ಯೂಬ್-ಪ್ರಾಕ್ಸಿಗಳು ಸತ್ತ ನೋಡ್‌ನ ಪಾಡ್‌ಗಳಿಗೆ ಇನ್ನೂ ಪ್ಯಾಕೆಟ್ ಕಳಿಸುತ್ತಿರುತ್ತವೆ. ನೋಡ್ ಹೋಯಿತೆಂದು ಕುಬರ್ನೆಟೀಸ್ ಒಪ್ಪಿಕೊಳ್ಳಲು ಡೀಫಾಲ್ಟಾಗಿ 40 ಸೆಕೆಂಡ್, ಹೊಸ ಆವೃತ್ತಿಗಳಲ್ಲಿ 50 ಬೇಕು. ಅಲ್ಲಿಯವರೆಗೆ ಎಂಡ್‌ಪಾಯಿಂಟ್ ಪಟ್ಟಿಯಲ್ಲಿ ಆ ಪಾಡ್‌ಗಳು ಜೀವಂತ. ಬಿಎಫ್‌ಡಿಯ ಫಲ ಪೂರ್ತಿ ಸಿಗುವುದು ಲೋಕಲ್ ಪಾಲಿಸಿ ಇರುವ ಸರ್ವಿಸ್‌ಗಳಿಗೆ ಮಾತ್ರ.

ಇದನ್ನು ಕಣ್ಣಾರೆ ನೋಡುವುದು ಸುಲಭ. ಮೂರು ನೋಡ್‌ನಲ್ಲೂ ತಲಾ ಒಂದು ಪಾಡ್, ಪಾಲಿಸಿ ಲೋಕಲ್. ಲ್ಯಾಪ್‌ಟಾಪ್‌ನಿಂದ ಸೆಕೆಂಡಿಗೊಂದು ಕರ್ಲ್, ಟೈಮ್‌ಔಟ್ ಒಂದು ಸೆಕೆಂಡ್, ಸುತ್ತುತ್ತಿರಲಿ. ಒಂದು ನೋಡ್‌ನ ಕೇಬಲ್ ಕಿತ್ತುಹಾಕಿ. ಹ್ಯಾಶ್ ಪಾಲಿಸಿ 0 ಇದ್ದರೆ ಹೋಲ್ಡ್ ಟೈಮ್ ಮುಗಿಯುವವರೆಗೆ ಎಲ್ಲ ಕರೆಗಳೂ ಸೋಲುತ್ತವೆ, ಇಲ್ಲವೇ ಒಂದೂ ಸೋಲುವುದಿಲ್ಲ. ಲ್ಯಾಪ್‌ಟಾಪ್‌ನ ಹ್ಯಾಶ್ ಯಾವ ನೋಡ್‌ಗೆ ಬಿದ್ದಿತ್ತು ಎಂಬುದರ ಮೇಲೆ. ಪಾಲಿಸಿ 1 ಇದ್ದರೆ ಪ್ರತಿ ಕರ್ಲ್‌ಗೂ ಹೊಸ ಸೋರ್ಸ್ ಪೋರ್ಟ್ ಇರುವುದರಿಂದ ಸುಮಾರು ಮೂರರಲ್ಲೊಂದು ಸೋಲುತ್ತದೆ. ಆಮೇಲೆ ಎಲ್ಲ ತಿಳಿಯಾಗುತ್ತದೆ. ಈಗ ಇನ್ನೊಂದು ಕಿಟಕಿಯಲ್ಲಿ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಚ್ಚಿ, ಕೇಬಲ್ ವಾಪಸ್ ಚುಚ್ಚಿ. ನೆಕ್ಸ್ಟ್‌ಹಾಪ್ ಎರಡಿದ್ದದ್ದು ಮೂರಾಗುತ್ತದೆ, ಹ್ಯಾಶ್ ಹೊಸದಾಗಿ ಹಂಚಿಕೆಯಾಗುತ್ತದೆ, ನಡುವಿನಲ್ಲಿದ್ದ ಡೌನ್‌ಲೋಡ್ ತನ್ನ ಗುರುತೇ ಇಲ್ಲದ ಪಾಡ್‌ಗೆ ಹೋಗಿ ಕಡಿದುಬೀಳುವ ಸಾಧ್ಯತೆ ಚೆನ್ನಾಗಿಯೇ ಇದೆ. ನೋಡ್ ಸತ್ತಾಗ ಮಾತ್ರವಲ್ಲ, ಬದುಕಿ ಬಂದಾಗಲೂ. ದೊಡ್ಡ ಬ್ಯಾಕಪ್ ಓಡುತ್ತಿರುವ ರಾತ್ರಿ ನೋಡ್‌ಗಳ ಅಪ್‌ಡೇಟ್ ಇಟ್ಟುಕೊಳ್ಳಬೇಡಿ.